ಆಂಡಾಳಕ್ಕನ ಕೆನ್ನೆ

ಪೇಟೆಯಲ್ಲಿ ಸಿಗುವ, ಮುಖಕ್ಕೆ ಹಚ್ಚುವ ಸ್ನೋಗಳಿಗೆ ದನದ ಕೊಬ್ಬು ಬೆರೆಸುತ್ತಾರೆ ಎಂಬ ಸುದ್ದಿ ಆ ವರ್ಷ ಮಂಡ್ಯದ ನಮ್ಮ ಮಹಿಳಾ ಸಮಾಜಕ್ಕೆ ಎಲ್ಲಿಂದ ಬಂತೋ ತಿಳಿಯದು. ಬಂದ ಮಾರನೆಯ ದಿನದಿಂದ ಹೆಂಗಸರೆಲ್ಲ ಬರಿಯ ಮುಖದಲ್ಲಿ ಓಡಾಡತೊಡಗಿದರು. ಕಾರ್ಯದರ್ಶಿ ತಿರುಮಲಮ್ಮನವರು ನಮ್ಮ ಮನೆಗೇ ಬಂದರು.

"ಕನಕಲಕ್ಷ್ಮಿ, ನೀನು ಕೆಮಿಸ್ಟ್ರಿ ಓದಿ ಬಿ.ಎಸ್ಸಿ. ಮಾಡಿದವಳು ತಾನೆ? ಮನೇಲಿ ಕೂತು ಡೈರಿ ಗೀಚೋದು ಸಾಕು. ಮಳವಳ್ಳೀಲಿ ವೆಂಕಟೇಶಮೂರ್ತಿ ಮೇಷ್ಟ್ರು ಅಂತ ಇದಾರೆ. ರಿಟೈರಾದ ಮೇಲೆ ತಾವರೆ ಸ್ನೋ ಅಂತ ಮಾಡ್ತಾರೆ. ಕೊಬ್ಬಿಲ್ಲ, ಹಿಂಸೆ ಇಲ್ಲ ಅಂತಾರೆ. ಹೋಗಿ ಕಣ್ಣಾರೆ ನೋಡ್ಕೊಂಡು ಬಾ. ನೀನು ಹೂಂ ಅಂದ್ರೆ ದೀಪಾವಳಿಗೆ ನಮ್ಮ ಅಂಗಡೀಲಿ ಇಡೋಣ."

ಗುರುತಿಲ್ಲದವರ ಮನೆಯ ಬಾಗಿಲು ತಟ್ಟುವುದೆಂದರೆ ನನಗೆ ಕಷ್ಟ. ಆದರೆ ತಿರುಮಲಮ್ಮನವರಿಗೆ ಆಗುವುದಿಲ್ಲ ಎನ್ನುವುದು ಇನ್ನೂ ಕಷ್ಟ. ಮದ್ದೂರಿನಲ್ಲಿ ಬಸ್ಸು ಬದಲಿಸಿ ಮಳವಳ್ಳಿಗೆ ಹೋದೆ.

ಮೇಷ್ಟ್ರ ಮನೆಯ ಹಿತ್ತಿಲೇ ಅವರ ಕಾರ್ಖಾನೆ. ಒಲೆಯ ಮೇಲೆ ದೊಡ್ಡ ಪಾತ್ರೆ. ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ತುರುಕುತ್ತ ಕೂತ ಕೆಲಸದ ಚಿಕ್ಕಬೋರಮ್ಮ. ಮರ ಕಡಿದು ಉರಿಸುವುದು ಮೇಷ್ಟ್ರಿಗೆ ಇಷ್ಟವಿರಲಿಲ್ಲ. ಖಾಲಿ ಸೀಸೆಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದ್ದರು, ಮತ್ತೆ ತುಂಬಲಿಕ್ಕೆ. ನಾಮ ಹಾಕಿದ, ಸಣಕಲು ಮೈಯ ಮೇಷ್ಟ್ರು ಸಾಮಗ್ರಿಯ ಡಬ್ಬಿ ಒಂದೊಂದರ ಮುಚ್ಚಳ ತೆಗೆದು ನನಗೆ ಮೂಸಲು ಕೊಟ್ಟರು.

"ಇದು ಮುರುಗಲು ಬೀಜದ ತುಪ್ಪ ಮಗು, ಘಟ್ಟದ ಕೆಳಗಿಂದ ತರಿಸ್ತೀನಿ. ಇದು ಕೊಬ್ಬರಿ ಎಣ್ಣೆ. ಇದು ಬಾಳೆದಿಂಡು ಸುಟ್ಟ ಬೂದಿಯ ನೀರು, ಎಣ್ಣೆ ನೀರು ಎರಡೂ ಕೂಡಬೇಕಲ್ಲ. ವಾಸನೆಗೆ ಲಾವಂಚದ ಬೇರು. ಬುಡ ಸಮೇತ ಕೀಳಬೇಡ, ಅರ್ಧ ಬಿಟ್ಟು ಬಾ ಅಂತ ಇವಳಿಗೆ ಹೇಳಿದೀನಿ."

"ಜೇನುಮೇಣ ಹಾಕಲ್ವೇ ಮೇಷ್ಟ್ರೇ?"

"ಗೂಡು ಹಿಂಡಿದ್ರೆ ಮರಿಗಳು ಸಾಯ್ತವೆ. ಬೇಡಮ್ಮ."

ಚಿಕ್ಕಬೋರಮ್ಮ ಹೊಗೆಗೆ ನೀರಾಡಿದ ಕಣ್ಣನ್ನು ಸೆರಗಿನಲ್ಲಿ ಒರೆಸಿಕೊಂಡಳು. "ಇರುವೆ ಸಾಲು ಬಂದ್ರೆ ಒಲೆ ಅಚ್ಬೇಡ ಅಂತಾರೆ ಕಣವ್ವ ಅಯ್ನೋರು. ಅವು ದಾಟೋಗಂಟ ನಾನು ಕುಂತಿರ್ಬೇಕು. ನನ್ ಗಂಡ ನನ್ನ ಇಂಗೆ ನೋಡ್ಕಂಡಿದ್ರೆ ಇಲ್ಲಿ ಒಗೆ ಕುಡಿಯಕ್ಕೆ ಯಾಕ್ ಬತ್ತಿದ್ದೆ?"

"ಸುಮ್ನಿರೇ ಬೋರಿ," ಎಂದು ಮೇಷ್ಟ್ರು ನಕ್ಕರು. ನನಗೂ ನಗು ಬಂತು. ಒಳ್ಳೆಯ ಮನುಷ್ಯರು ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ, ಅದೇ ಸಂಕಟ.

ಕಾಲೇಜಿನ ಲೈಬ್ರರಿಯಲ್ಲಿ ಓದಿದ್ದು ನೆನಪಾಗಿ ಕೊನೆಯದಾಗಿ ಒಂದು ಮಾತು ಕೇಳಿದೆ. "ಹೊರದೇಶದಲ್ಲಿ ಇಂಥದ್ದನ್ನೆಲ್ಲ ಮೊಲದ ಕಣ್ಣಿಗೆ ಹಾಕಿ ಪರೀಕ್ಷೆ ಮಾಡ್ತಾರಂತೆ. ನೀವು ಹೇಗೆ ನೋಡ್ತೀರಿ?"

"ನಾರಾಯಣ, ನಾರಾಯಣ! ಮೂಕ ಪ್ರಾಣಿಯ ಕಣ್ಣಿಗೇ?" ಮೇಷ್ಟ್ರು ನಿಜವಾಗಿಯೂ ನೊಂದುಕೊಂಡರು. "ನಮಗೆ ಅದೆಲ್ಲ ಯಾಕಮ್ಮ? ನನ್ನ ಕಡೇ ತಂಗಿ ಆಂಡಾಳು ಇದಾಳಲ್ಲ. ಪ್ರತಿ ಪಾಕವೂ ಮೊದಲು ಅವಳ ಕೆನ್ನೆಗೆ. ಬೂದಿ ನೀರು ಹೆಚ್ಚಾಗಿದ್ರೆ ಉರಿಯುತ್ತೆ, ತಿಳಿದುಬಿಡುತ್ತೆ. ಪಾಪ, ಗಂಡ ಹೋದವಳು. ಮುಖ ತೋರಿಸಿಕೊಂಡು ಎಲ್ಲಿಗೆ ಹೋಗಬೇಕಾಗಿದೆ?" ಎಂದು, ಒಳಕ್ಕೆ ಕೂಗಿ ಹೇಳಿದರು, "ಆಂಡಾಳೂ, ಮಗೂಗೆ ಕಾಫಿ ಕೊಡಮ್ಮ."

ಅವರ ದನಿಯಲ್ಲಿ ತಂಗಿಯ ಮೇಲಿನ ಅಕ್ಕರೆಯೇ ಇತ್ತು.

ಆಂಡಾಳಕ್ಕ ಹೆಸರು ಕೇಳಿ, ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿದಳು. ನನಗಿಂತ ನಾಲ್ಕಾರು ವರ್ಷ ದೊಡ್ಡವಳು ಅಷ್ಟೆ. ಬೋಳು ಹಣೆ. ಎಡಗೆನ್ನೆಯ ಮೇಲೆ ಕೆಂಪಗೆ ಸುಟ್ಟ ಕಲೆ ಕಣ್ಣಿನ ತುದಿಯವರೆಗೂ ಹಬ್ಬಿತ್ತು. ಆ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು. ಅವಳು ಅದನ್ನು ಭುಜಕ್ಕೆ ಒತ್ತಿ ಒರೆಸಿಕೊಳ್ಳುತ್ತಿದ್ದಳು.

"ಇದು ಹೋದ ಸಲದ್ದು," ಎಂದಳು, ನಾನು ನೋಡುತ್ತಿದ್ದದ್ದು ಕಂಡು. "ಜಾಸ್ತಿ ಆಗಿಬಿಟ್ಟಿತ್ತು."

"ಅಕ್ಕ, ಕಣ್ಣಿಗೆ ಹೋದರೆ ಕಣ್ಣೇ ಹೋಗುತ್ತೆ. ನಾನು ಮೇಷ್ಟ್ರಿಗೆ ಹೇಳ್ತೀನಿ."

"ಬೇಡ ಕನಕ." ಲೋಟವನ್ನು ನನ್ನ ಕೈಗೆ ಕೊಡದೆ ಹಿಡಿದುಕೊಂಡೇ ನಿಂತಳು. "ನಮ್ಮವರು ಜಲಪಾತದ ಹತ್ತಿರದ ಬ್ಲಫ್‌ನ ಪವರ್‌ಹೌಸಿನಲ್ಲಿ ಕೆಲಸಕ್ಕಿದ್ದರು. ಅವರು ಹೋದ ಮೇಲೆ ಇಲ್ಲಿಗೆ ಬಂದೆ. ನಾನು ಬಂದ ದಿನವೇ ಅಮ್ಮ ಗೋಡೆ ಮೇಲಿನ ಕನ್ನಡಿ ತೆಗೆದು ಪೆಟ್ಟಿಗೆಯಲ್ಲಿಟ್ಟಳು. ಅಮ್ಮನೂ ಹೋದಳು, ಕನ್ನಡಿ ಅಲ್ಲೇ ಇದೆ. ಸ್ನೋ ಕಾಯಿಸಿದ ದಿನ ಅಣ್ಣ ಅದನ್ನ ತೆಗೀತಾನೆ. ಎಲ್ಲಿ ಕೆಂಪಾಯ್ತು ನೋಡಿ ಹೇಳು ಅಂತ ಕೈಗೆ ಕೊಡ್ತಾನೆ. ಅವತ್ತು ಲಾವಂಚದ ವಾಸನೆ ಸಂಜೆಯವರೆಗೂ ಮುಖದ ಮೇಲೇ ಇರುತ್ತೆ." ಲೋಟವನ್ನು ನನ್ನ ಕೈಗೆ ಕೊಟ್ಟಳು. "ಉರಿಯೋದು ಎಷ್ಟು ಹೊತ್ತು? ಅದೇನು ಮಹಾ."

ನಾನು ಕಾಫಿ ಕುಡಿದೆ. ಏನು ಕುಡಿದೆನೋ.

ಬಸ್ಸಿನಲ್ಲಿ ಆ ಕಣ್ಣೇ ಕಣ್ಣ ಮುಂದಿತ್ತು. ಇನ್ನೊಂದು ಪಾಕ ಹೆಚ್ಚು ಕಡಿಮೆಯಾದರೆ ಅವಳು ಕನ್ನಡಿಯನ್ನಾದರೂ ಯಾವ ಕಣ್ಣಿನಿಂದ ನೋಡುತ್ತಾಳೆ? ಬೂದಿ ನೀರಿನ ಕ್ಷಾರ ಹೆಚ್ಚೋ ಕಡಿಮೆಯೋ ಹೇಳಲಿಕ್ಕೆ ಕೆನ್ನೆ ಬೇಕಾಗಿಲ್ಲ. ಒಂದು ಚೂರು ಲಿಟ್ಮಸ್ ಕಾಗದ ಸಾಕು. ಕೆಂಪು ಕಾಗದ ಕಡುನೀಲಿಗೆ ತಿರುಗಿದರೆ ಕ್ಷಾರ ಜಾಸ್ತಿ ಎಂದರ್ಥ. ಕಾಲೇಜಿನ ಲ್ಯಾಬಿನಿಂದ ಕೇಳಿ ತಂದು, ಬಳಸುವ ಬಗೆ ಬರೆದು ಮೇಷ್ಟ್ರಿಗೆ ಅಂಚೆಯಲ್ಲಿ ಕಳಿಸಿದೆ. ಇನ್ನು ಮುಂದೆ ಯಾರ ಮುಖಕ್ಕೂ ಹಚ್ಚಿ ನೋಡಬೇಡಿ, ಹಾಗಿದ್ದರೆ ಮಾತ್ರ ನಾನು ಸಮಾಜಕ್ಕೆ ಹೂಂ ಅನ್ನುತ್ತೇನೆ ಎಂದೂ ಬರೆದೆ. ಎದುರಿಗೆ ನಿಂತು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ತಿರುಮಲಮ್ಮನವರಿಗೆ ವಿಷಯವೆಲ್ಲ ಹೇಳಿದಾಗ ಅವರು ಹುಬ್ಬು ಗಂಟು ಹಾಕಿದರು. "ಅಲ್ಲವೇ, ನಿನ್ನ ಕಳಿಸಿದ್ದು ಕೊಬ್ಬಿದೆಯಾ ಇಲ್ವಾ ನೋಡೋಕೆ. ಇಲ್ಲ ತಾನೆ? ಅವರ ಮನೆ ಹೆಣ್ಣುಮಕ್ಕಳ ವಿಚಾರ ನಮಗ್ಯಾಕೆ?"

ಮೇಷ್ಟ್ರಿಂದ ಕಾರ್ಡು ಬಂತು. ಕಾಗದ ಬಹಳ ಚೆನ್ನಾಗಿ ಕೆಲಸ ಮಾಡುತ್ತಿದೆ, ತಂಗಿಗೆ ನೋವು ಕೊಟ್ಟೆನಲ್ಲ ಎಂದು ರಾತ್ರಿ ನಿದ್ದೆ ಬರಲಿಲ್ಲ, ನೀನು ಕಣ್ಣು ತೆರೆಸಿದೆ ಮಗು ಎಂದು ಬರೆದಿದ್ದರು. ನಾನು ಹೂಂ ಅಂದೆ. ಸಮಾಜದ ಅಂಗಡಿಗೆ ದಪ್ಪ ಅಕ್ಷರದಲ್ಲಿ ಫಲಕ ಬರೆದುಕೊಟ್ಟವಳೂ ನಾನೇ: 'ತಾವರೆ ಸ್ನೋ. ಯಾವ ಜೀವಕ್ಕೂ ನೋವಿಲ್ಲದೆ ತಯಾರಾದದ್ದು.'

ದೀಪಾವಳಿಗೆ ಮುಂಚೆ ಸೀಸೆಗಳನ್ನು ತರಲು ಮತ್ತೆ ಹೋದೆ. ದಾರಿಯಲ್ಲಿ ಮದ್ದೂರಿನಲ್ಲಿ ಒಂದು ಪುಟ್ಟ ಕನ್ನಡಿ ಕೊಂಡು ಸೆರಗಿನೊಳಗೆ ಇಟ್ಟುಕೊಂಡಿದ್ದೆ. ಪರೀಕ್ಷೆ ನಿಲ್ಲಿಸಿ ಅವಳಿಂದ ಕಿತ್ತ ಕನ್ನಡಿಯನ್ನು ನಾನೇ ಕೊಟ್ಟುಬಿಟ್ಟರಾಯಿತು ಎಂದು ಎಷ್ಟು ಸುಲಭವಾಗಿ ಅಂದುಕೊಂಡಿದ್ದೆ.

ಹಿತ್ತಿಲಲ್ಲಿ ಮೇಷ್ಟ್ರು ಕಡುನೀಲಿಗೆ ತಿರುಗದ ಕಾಗದದ ಚೂರು ತೋರಿಸಿ ಮಕ್ಕಳಂತೆ ಹಿಗ್ಗಿದರು. ಚಿಕ್ಕಬೋರಮ್ಮ ಮಾತ್ರ, "ಆಂಡಾಳಮ್ಮೋರು ಈಗ ಇತ್ಲಾಗ್ ಬರಾದೇ ಬುಟ್ಬುಟ್ರು ಕಣವ್ವ. ಮೊದ್ಲಾದ್ರೆ ಯಾವತ್ತು ಕಾಯಿಸ್ತೀಯೇ ಬೋರಿ, ಯಾವತ್ತು ಕಾಯಿಸ್ತೀಯೇ ಅಂತ ಪ್ರಾಣ ತಿಂತಿದ್ರು," ಎಂದಳು.

ಅಡುಗೆಮನೆಯಲ್ಲಿ ಆಂಡಾಳಕ್ಕ ಅದೇ ಮಣೆ ಹಾಕಿದಳು. ಕಣ್ಣಿನ ನೀರು ನಿಂತಿತ್ತು. ನಾನು ಕನ್ನಡಿ ತೆಗೆದು ಅವಳ ಮುಂದಿಟ್ಟೆ. ಅವಳು ಥಟ್ಟನೆ ಮುಖ ತಿರುಗಿಸಿ, ಅದನ್ನು ಬೋರಲು ಮಾಡಿ ನನ್ನ ಕಡೆ ಸರಿಸಿದಳು.

"ಅಕ್ಕ, ಯಾರಿಗೂ ಹೇಳೋದು ಬೇಡ. ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ."

"ಅದು ಹಾಗಲ್ಲ ಕನಕ. ಆಗ ಅದು ಕೆಲಸವಾಗಿತ್ತು. ಅಣ್ಣನ ಕೆಲಸ. ನೋಡು ಅಂದ, ನೋಡ್ತಿದ್ದೆ. ಗಂಡ ಹೋದವಳು ಕೆಲಸ ಇಲ್ಲದೆ ಸುಮ್ಮಸುಮ್ಮನೆ ನೋಡ್ಕೊಂಡ್ರೆ ಅದಕ್ಕೆ ಬೇರೆ ಹೆಸರಿದೆ. ನನ್ನಿಂದ ಆಗಲ್ಲ."

ಹೊರಗೆ ಚಿಕ್ಕಬೋರಮ್ಮ ಸೀಸೆಗಳನ್ನು ಹುಲ್ಲಿನಲ್ಲಿ ಸುತ್ತಿ ಬುಟ್ಟಿಗೆ ತುಂಬುತ್ತಿರುವ ಸದ್ದು. ಆಂಡಾಳಕ್ಕ ನನ್ನ ಎದುರು ಕೂತು, ಮುಖವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು.

"ನೀನೇ ನೋಡಿ ಹೇಳು. ಕಲೆ ಹೋಯ್ತಾ?"

"ಹೋಗಿದೆ ಅಕ್ಕ."

"ಪೂರ್ತಿ?"

"ಪೂರ್ತಿ."

"ಕೂದಲು ಬೆಳ್ಳಗಾಗಿದೆಯಾ?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಕಿವಿಯ ಹತ್ತಿರ ಒಂದೆರಡು."

"ಹೌದೇ?" ಅವಳು ಕಿವಿಯ ಪಕ್ಕ ಬೆರಳಾಡಿಸಿದಳು, ಬಿಳಿಯದು ಕೈಗೆ ತಿಳಿಯುತ್ತದೇನೋ ಎಂಬಂತೆ. "ಹೋದ ಸಲ ಇರಲಿಲ್ಲ ನೋಡು." ಆಮೇಲೆ ಕಣ್ಣು ಮುಚ್ಚಿಕೊಂಡು, "ಇನ್ನೇನಿದೆ? ಹೇಳು," ಎಂದಳು.

ನಾನು ಹಣೆಯಿಂದ ಶುರು ಮಾಡಿದೆ.