ಮುಚ್ಚಿಟ್ಟ ನಾಲ್ಕು

ಹಲ್ಲಣ್ಣನಿಗೆ ಆ ಹೆಸರು ಬಂದದ್ದು ಅವನ ಹಲ್ಲುಗಳಿಂದಲ್ಲ, ಊರವರ ಹಲ್ಲುಗಳಿಂದ. ಇಪ್ಪತ್ತಾರು ವರ್ಷಗಳಿಂದ ಅವನು ದಂತವೈದ್ಯರಿಗಾಗಿ ಕೃತಕ ಹಲ್ಲು ತಯಾರಿಸುವ ಪುಟ್ಟ ಲ್ಯಾಬಿನಲ್ಲಿ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕಂಡವರ ಬಾಯಿಗೆಲ್ಲ ಹಲ್ಲು ಮಾಡಿಕೊಟ್ಟಿದ್ದ. ಆ ಕೆಲಸದ ಮರ್ಮವೇನೆಂದರೆ ಹೊಸ ಹಲ್ಲು ಹೊಸದಾಗಿ ಕಾಣಬಾರದು. ಅಂಚನ್ನು ಕೊಂಚ ಸವೆಸಬೇಕು, ಬುಡಕ್ಕೆ ಚಹಾದ ಕಲೆಯಂಥ ಛಾಯೆ ಕೊಡಬೇಕು, ಪಕ್ಕದ ಹಲ್ಲಿನಷ್ಟೇ ವಯಸ್ಸು ತುಂಬಬೇಕು. ಹೆಂಡತಿಯ ಮುಂದಿನ ಹಲ್ಲೊಂದನ್ನೂ ಅವನೇ ಮಾಡಿದ್ದ. ಡಿಪೋದಲ್ಲಿ ಬಸ್ಸಿನ ಬಾನೆಟ್ಟು ಬಡಿದು ಮುರಿದಿದ್ದ ಹಲ್ಲು ಅದು. ಅದು ಕಟ್ಟಿಸಿದ್ದೆಂದು ಆಕೆಯ ತಮ್ಮನಿಗೂ ಇವತ್ತಿನವರೆಗೆ ಗೊತ್ತಿಲ್ಲ.

ಇಷ್ಟೆಲ್ಲ ಬಲ್ಲ ಮನುಷ್ಯ ಒಂದು ಕಾರಿನ ವಿಷಯದಲ್ಲಿ ಹೀಗೆ ಬುದ್ಧಿಗೇಡಿಯಾದದ್ದು ಹೇಗೆ ಎಂಬುದಕ್ಕೆ ಅವನ ಹತ್ತಿರವೂ ಉತ್ತರವಿಲ್ಲ.

ಕಾರು ಒಬ್ಬ ಹಿರಿಯ ಡ್ರೈವರನದು. ಹದಿನಾರು ವರ್ಷ ಒಬ್ಬ ಧಣಿಯ ಬಳಿ ಅದೇ ಕಾರನ್ನು ಓಡಿಸಿದ್ದ. ಧಣಿ ವ್ಯಾಪಾರ ಮುಚ್ಚಿದಾಗ ಕಾರನ್ನು ಅವನಿಗೇ ಕೊಟ್ಟು ಹೋಗಿದ್ದರು. ಕಪ್ಪು ಬಣ್ಣ, ಚರ್ಮದ ಸೀಟು, ಮುಂದೆ ಮರದ ಪಟ್ಟಿ, ಬಾಗಿಲು ಮುಚ್ಚಿದರೆ ಹೊರಗಿನ ಲೋಕದ ಸದ್ದೇ ಇಲ್ಲ. ಭಾಮೈದ ಮಾರುವ ಪುಟಾಣಿ ಹೊಸ ಕಾರಿನ ಅರ್ಧ ಬೆಲೆಗೆ ಇಂಥ ಅರಮನೆ. ಹಲ್ಲಣ್ಣ ಹಿಂದಿನ ಸೀಟಿನಲ್ಲಿ ಕೂತು ನೋಡಿದ. ಬೆನ್ನು ಹಿತವಾಗಿ ಒಳಗಿಳಿಯಿತು. ವಿವೇಕವೂ ಅದರ ಜೊತೆಗೇ ಇಳಿಯಿತು.

"ಎಷ್ಟು ಓಡಿದೆ?" ಎಂದು ಕೇಳಿದ. ಕೇಳಬೇಕಾದ ಪ್ರಶ್ನೆ ಅದೊಂದೇ ಅವನಿಗೆ ಗೊತ್ತಿದ್ದದ್ದು.

"ನಾಲ್ಕು ಲಕ್ಷದ ಹನ್ನೆರಡು ಸಾವಿರ," ಎಂದ ಡ್ರೈವರ್ ಮಗನ ಮಾರ್ಕ್ಸ್ ಹೇಳುವ ತಂದೆಯ ಹಾಗೆ. "ಅಷ್ಟೂ ನನ್ನೊಬ್ಬನ ಕೈಯಲ್ಲೇ. ಬಹುಪಾಲು ಹೆದ್ದಾರೀಲಿ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿದೀನಿ. ಇದಕ್ಕೆ ಏನೇನು ಕಾಯಿಲೆ ಬರಬೇಕೋ ಎಲ್ಲ ಬಂದು ಹೋಗಿವೆ ಸಾರ್. ಹೊಸ ಗಾಡೀಗೆ ಅವೆಲ್ಲ ಇನ್ನು ಮುಂದೆ ಬರಬೇಕು."

ಈ ಮಾತು ಹಲ್ಲಣ್ಣನಿಗೆ ಬಲವಾಗಿ ನಾಟಿತು. ಮುಂದೆ ಬಂದು, ತಾನೂ ಗಾಡಿಯ ಒಳಹೊರಗು ಬಲ್ಲವನೆಂದು ತೋರಿಸಲು ಸ್ಟೀರಿಂಗ್ ಕೆಳಗೆ ಬಗ್ಗಿ ನೋಡಿದ. ಮೂವತ್ತು ವರ್ಷದ ಹಿಂದೆ ಲೈಸೆನ್ಸ್ ತೆಗೆದುಕೊಂಡದ್ದು ಬಿಟ್ಟರೆ ಅವನ ಬದುಕೆಲ್ಲ ಸ್ಕೂಟರಿನ ಮೇಲೆಯೇ ಕಳೆದಿತ್ತು.

"ಎಡಗಡೆ ಪೆಡಲೇ ಕಾಣ್ತಿಲ್ವಲ್ಲ," ಎಂದ ಗಂಭೀರವಾಗಿ. "ಸವೆದು ಬಿದ್ದುಹೋಯ್ತಾ? ಒಂದು ಹೊಸದು ಹಾಕಿಸಿ ಕೊಡಿ."

ಡ್ರೈವರ್ ಅವನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದ. "ಇದಕ್ಕೆ ಕ್ಲಚ್ಚಿಲ್ಲ ಸಾರ್. ಗೇರು ತಾನೇ ಹಾಕ್ಕೊಳ್ಳುತ್ತೆ."

"ಅದು ಗೊತ್ತು. ಸುಮ್ನೆ ಕೇಳಿದೆ," ಎಂದ ಹಲ್ಲಣ್ಣ. ಕಿವಿ ಬಿಸಿಯಾಗಿತ್ತು.

"ಒಂದು ವಾರ ಇಟ್ಕೊಂಡು ನೋಡಿ," ಎಂದ ಡ್ರೈವರ್. "ಮನೆಯವರಿಗೆ ಒಪ್ಪಿಗೆ ಆಗಲಿಲ್ಲ ಅಂದ್ರೆ ಭಾನುವಾರ ಸಂಜೆಯೊಳಗೆ ತಂದುಬಿಡಿ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ." ಹಾಗೆನ್ನುವಾಗ ಅವನ ಅಂಗೈ ಬಾನೆಟ್ಟಿನ ಮೇಲೆಯೇ ಇತ್ತು.

ಮನೆಯವರ ಒಪ್ಪಿಗೆಯೇ ಇಲ್ಲಿ ಎಲ್ಲವೂ. ಹಲ್ಲಣ್ಣನ ಹೆಂಡತಿ ಹತ್ತೊಂಬತ್ತು ವರ್ಷಗಳಿಂದ ಸಿಟಿ ಬಸ್ಸಿನ ಡ್ರೈವರ್. ಎರಡು ವರ್ಷದಿಂದ ಎಡಮಂಡಿ ಕೈಕೊಟ್ಟಿತ್ತು. ದಿನಕ್ಕೆ ಸಾವಿರ ಸಲ ಕ್ಲಚ್ಚು ತುಳಿದು ತುಳಿದು ಅದರ ಮೃದ್ವಸ್ಥಿ ಸವೆದಿದೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಹೋದ ತಿಂಗಳು ಡಿಪೋದಿಂದ ಪತ್ರ ಬಂತು. ಒಂದನೇ ತಾರೀಖಿನಿಂದ ಆಕೆ ಬಸ್ಸು ಓಡಿಸುವಂತಿಲ್ಲ, ಪ್ರಯಾಣಿಕರು ಮರೆತುಹೋದ ವಸ್ತುಗಳ ಕೋಣೆಯಲ್ಲಿ ಕೂರಬೇಕು. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ. ಅಂದಿನಿಂದ ಮನೆಯಲ್ಲಿ ನಗು ನಿಂತಿತ್ತು. ಊಟಕ್ಕೆ ಕೂತಾಗ ಆಕೆಯ ಎಡಗಾಲು ಮೇಜಿನ ಕಾಲನ್ನು ಮೆಲ್ಲಗೆ ಒತ್ತುತ್ತ, ಬಿಡುತ್ತ ಇರುತ್ತಿತ್ತು. ಅದನ್ನು ನೋಡಿದರೆ ಹಲ್ಲಣ್ಣ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಅದಕ್ಕೇ ಅವನ ತಲೆಗೆ ಈ ಯೋಚನೆ ಹೊಳೆದದ್ದು. ಊರಿಗೆಲ್ಲ ಬಸ್ಸು ಓಡಿಸಿದವಳು ಇನ್ನು ಮೇಲೆ ಹಿಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂರಲಿ, ತಾನು ಓಡಿಸುತ್ತೇನೆ. ಕೇಳಲು ಬಹಳ ಚೆನ್ನಾಗಿತ್ತು. ಆದರೆ ಕಾರಿನ ಕನಸು ಕಾಣುವಾಗ ಕಣ್ಣಿಗೆ ಬರುತ್ತಿದ್ದದ್ದು ಹೆಂಡತಿಯಲ್ಲ. ಲ್ಯಾಬಿನ ಮುಂದೆ ಆ ಕಪ್ಪು ಕಾರಿನಿಂದ ಒಂದು ಕಾಲನ್ನು ಮೊದಲು ಹೊರಗಿಟ್ಟು ಇಳಿಯುವ ಸ್ವತಃ ಹಲ್ಲಣ್ಣ, ಆಚೆ ಈಚೆ ಬಾಯಿ ಬಿಟ್ಟುಕೊಂಡು ನಿಂತ ಬೀದಿಯವರು. ಬಾಯಿ ಬಿಟ್ಟವರ ಹಲ್ಲುಗಳು ಕೂಡ ಕನಸಿನಲ್ಲಿ ಕಾಣುತ್ತಿದ್ದವು.

ಒಂದೇ ತೊಡಕೆಂದರೆ ಭಾಮೈದ. ಅವನು ಹೊಸ ಕಾರುಗಳ ಶೋರೂಮಿನಲ್ಲಿ ಮಾರಾಟದವನು. ಭಾನುವಾರ ಅಕ್ಕನ ಮನೆಗೆ ಬರುವವನಿದ್ದ. ಯಾರ ಕಾರನ್ನು ಕಂಡರೂ ಅವನ ಬಾಯಿಂದ ಮೊದಲು ಬರುವ ಮಾತು, "ಎಷ್ಟು ಓಡಿದೆ?" ನಾಲ್ಕು ಲಕ್ಷ ಎಂದರೆ ಅವನು ಬಿದ್ದು ಬಿದ್ದು ನಗುತ್ತಾನೆ. ಇಡೀ ನೆಂಟರಿಷ್ಟರಿಗೆ ಫೋನಾಯಿಸಿ ನಗುತ್ತಾನೆ.

ಹಲ್ಲಣ್ಣ ವಾರವೆಲ್ಲ ಕಾರನ್ನು ಲ್ಯಾಬಿನ ಹಿತ್ತಲಲ್ಲಿ ಬಚ್ಚಿಟ್ಟು ಆಲೋಚಿಸಿದ. ಕಡೆಗೆ ತನ್ನ ಕಸುಬನ್ನೇ ನೆಚ್ಚಿಕೊಂಡ. ಹಲ್ಲು ಮಾಡುವ ಅಂಟಿಗೆ ಬಣ್ಣ ಬೆರೆಸಿ, ಕಿಲೋಮೀಟರ್ ಡಬ್ಬಿಯ ಕಪ್ಪಿಗೆ ಸರಿಹೊಂದಲೆಂದು ಮೂರು ಬಗೆಯ ಕಪ್ಪನ್ನು ಮಾಡಿ ನೋಡಿದ. ಅಕ್ಕಿಕಾಳಿನಷ್ಟು ಬಿಲ್ಲೆಯೊಂದನ್ನು ಅರೆದು, ನಯ ಮಾಡಿ, ಡ್ರೈವರ್ ಸೀಟಿನಲ್ಲಿ ಕೂತು ಗಾಜಿನ ಮೇಲೆ, ನಾಲ್ಕು ಎಂಬ ಅಂಕಿಯ ನೇರಕ್ಕೆ ಅಂಟಿಸಿದ. ನಾಲ್ಕು ಮಾಯ. ಉಳಿದದ್ದು ಬರೀ ಹನ್ನೆರಡು ಸಾವಿರದ ಚಿಲ್ಲರೆ. ಹದಿನಾರು ವರ್ಷದ ಕಾರು ಹನ್ನೆರಡೇ ಸಾವಿರ ಓಡಿದೆ ಎಂದರೆ ಯಾರು ನಂಬುತ್ತಾರೆ ಎಂಬ ಪ್ರಶ್ನೆ ಅವನಿಗೆ ಬರಲಿಲ್ಲ. ಕೆಲಸದ ನಾಜೂಕಿಗೆ ತಾನೇ ತಲೆದೂಗುತ್ತ ಕೂತಿದ್ದ.

ಭಾನುವಾರ ಮಧ್ಯಾಹ್ನ ಕಾರು ಮನೆಯ ಮುಂದೆ ಬಂದು ನಿಂತಿತು. ಹೆಂಡತಿ ಬಾಗಿಲಿಗೆ ಬಂದಳು. ಎಂಜಿನ್ನಿಗೆ ಕಿವಿಗೊಟ್ಟು ನಿಂತಳು, ಆಮೇಲೆ ಕಾರಿನ ಸುತ್ತ ಒಂದು ಸುತ್ತು ಬಂದು ಟೈರನ್ನು ಮುಟ್ಟಿದಳು.

"ಭಾವ, ಜೋರಾಗಿದೆ," ಎನ್ನುತ್ತ ಭಾಮೈದ ಎಡಗಡೆಯ ಬಾಗಿಲು ತೆಗೆದು ಒಳಗೆ ಕೂತ. "ಎಷ್ಟು ಓಡಿದೆ?"

"ಹನ್ನೆರಡು ಸಾವಿರ," ಎಂದ ಹಲ್ಲಣ್ಣ.

ಹೆಂಡತಿ ಬಲಗಡೆಯಿಂದ ಡ್ರೈವರ್ ಸೀಟಿಗೆ ಹತ್ತಿ ಕೂತಿದ್ದಳು. "ಹೌದು, ಹನ್ನೆರಡು ಸಾವಿರ ಅಂತಿದೆ," ಎಂದಳು. ಕಣ್ಣು ಮಾತ್ರ ಸ್ಟೀರಿಂಗಿನ ಮೇಲಿತ್ತು. ಎರಡು ಕೈ ಹಿಡಿಯುವ ಜಾಗದಲ್ಲಿ ಚರ್ಮ ಸವೆದು ನುಣ್ಣಗೆ ಮಿರುಗುತ್ತಿತ್ತು.

"ಎಲ್ಲಿ ಅಕ್ಕ? ಇಲ್ಲಿ ಮೊದಲಿಗೇ ನಾಲ್ಕು ಕಾಣ್ತಿದೆಯಲ್ಲ," ಎಂದ ಭಾಮೈದ.

ಹಲ್ಲಣ್ಣ ಎಡಗಡೆಯ ಕಿಟಕಿಗೆ ಬಂದು ಬಗ್ಗಿ ನೋಡಿದ. ಅಂಕಿ ಇದ್ದದ್ದು ಗಾಜಿನಿಂದ ಎರಡು ಬೆರಳು ಆಳದಲ್ಲಿ, ಬಿಲ್ಲೆ ಇದ್ದದ್ದು ಗಾಜಿನ ಮೇಲೆ. ಬಲಗಡೆ ಕೂತವರಿಗೆ ಮುಚ್ಚಿದ್ದ ನಾಲ್ಕು ಎಡಗಡೆ ಕೂತವರಿಗೆ ರಾಜಾರೋಷವಾಗಿ ಕಾಣುತ್ತಿತ್ತು. ಒಬ್ಬೊಬ್ಬರ ಬಾಯಿಗೆ ಒಂದೊಂದು ಅಳತೆಯಲ್ಲಿ ಹಲ್ಲು ಕೂರಿಸುವವನು ಎಡಗಡೆಯೂ ಒಂದು ಸೀಟಿದೆ ಎಂಬುದನ್ನು ಮರೆತಿದ್ದ.

ಹೆಂಡತಿ ತಲೆಯನ್ನು ಎಡಕ್ಕೆ ವಾಲಿಸಿದಳು, ಮತ್ತೆ ನೆಟ್ಟಗಾದಳು. ಬೆರಳಿಂದ ಬಿಲ್ಲೆಯನ್ನು ಮುಟ್ಟಿ ನೋಡಿದಳು. ಭಾಮೈದ ಹೊಟ್ಟೆ ಹಿಡಿದುಕೊಂಡು ನಗುತ್ತ ಕೆಳಗಿಳಿದ. ಹಲ್ಲಣ್ಣ ಇಂಗು ತಿಂದ ಮಂಗನ ಹಾಗೆ ನಿಂತ.

"ನೀನು ಒಳಗೆ ಹೋಗು," ಎಂದಳು ಆಕೆ ತಮ್ಮನಿಗೆ. ಅವನು ಹೋದ ಮೇಲೆ ಗಂಡನ ಕಡೆ ತಿರುಗಿದಳು. ದನಿ ಏರಲಿಲ್ಲ. "ನನ್ನ ಬಸ್ಸು ಒಂಬತ್ತು ಲಕ್ಷ ಓಡಿದೆ ರೀ. ಅದರಲ್ಲಿ ಮುಕ್ಕಾಲು ನಾನೇ ಓಡಿಸಿದ್ದು. ಅದನ್ನೂ ಮುಚ್ಚಿಡಬೇಕಾ?"

"ಹಾಗಲ್ಲ, ನಿನ್ನ ತಮ್ಮ ನಗ್ತಾನೆ ಅಂತ..."

"ನನ್ನ ಹಲ್ಲು ಮಾಡುವಾಗ ಸವೆದ ಗುರುತು ಬೇಕು, ಇಲ್ಲಾಂದ್ರೆ ಅದು ನಿಂದು ಅನ್ನಿಸಲ್ಲ ಅಂತ ಎರಡು ದಿನ ಕೂತು ಸವೆಸಿದ್ರಿ. ಇದು ಪಾಪ, ತಾನೇ ಸವೆದುಕೊಂಡು ಬಂದಿದೆ. ಇದಕ್ಕೆ ನಾಚಿಕೆ ಪಡ್ತೀರಲ್ಲ. ಸವೆದದ್ದೆಲ್ಲ ನಾಚಿಕೆ ಅಂದ್ರೆ ನನ್ನ ಮಂಡಿ ನೋಡಿದಾಗ ನಿಮಗೆ ಏನನ್ನಿಸುತ್ತೆ?"

ತಾನು ಮಾಡಿದ್ದು ಇಷ್ಟು ಕೆಟ್ಟ ಕೆಲಸವೆಂದು ಹಲ್ಲಣ್ಣನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಆಕೆಯನ್ನು ನೋಯಿಸಿಬಿಟ್ಟೆನೆಂದು ಅವನಿಗೆ ಅಳುವೇ ಬಂತು.

"ಇದನ್ನ ವಾಪಸ್ ಕೊಟ್ಟುಬಿಡಿ," ಎಂದಳು. ಮತ್ತೆ ತಾನೇ, "ಬೇಡ, ನೀವು ಎಲ್ಲಾದ್ರೂ ಕಂಬಕ್ಕೆ ಗುದ್ದುತೀರಿ. ನಾನೇ ಬಿಟ್ಟು ಬರ್ತೀನಿ. ದಾರಿ ತೋರಿಸಿ."

ಅವನು ಎಡಗಡೆ ಕೂರಲು ಹೋದ.

"ಹಿಂದೆ ಕೂತ್ಕೊಳ್ಳಿ. ಪಕ್ಕದಲ್ಲಿ ಕೂತು ಇಲ್ಲದ ಬ್ರೇಕ್ ಒತ್ತೋರು ನನಗೆ ಆಗಿಬರಲ್ಲ."

ಹೀಗೆ ರಾಣಿಗೆಂದು ತಂದ ಸೀಟಿನಲ್ಲಿ ಹಲ್ಲಣ್ಣ ಕೂತ. ಬೀದಿಯವರು ನೋಡುತ್ತಿದ್ದರು. ಅವನು ತಲೆ ತಗ್ಗಿಸಿದ.

ಕಾರು ನೀರಿನ ಮೇಲೆ ಸರಿದ ಹಾಗೆ ಹೊರಟಿತು. ಮೊದಲ ತಿರುವು, ಎರಡನೆಯದು. ಸಿಗ್ನಲ್ಲು ಬಂದಾಗ ಆಕೆಯ ಎಡಗಾಲು ರೂಢಿಯಂತೆ ಮೇಲೆದ್ದು ಗಾಳಿಯನ್ನು ತುಳಿದು, ಏನೂ ಸಿಗದೆ ಹಾಗೇ ಕೆಳಗಿಳಿಯಿತು. ಮುಂದಿನ ಸಿಗ್ನಲ್ಲಿನಲ್ಲೂ ಹಾಗೆಯೇ ಆಯಿತು. ಮೂರನೆಯದರಲ್ಲಿ ಕಾಲು ಏಳಲಿಲ್ಲ. ನೀಟಾಗಿ ಮುಂದಕ್ಕೆ ಚಾಚಿಕೊಂಡು ಮಲಗಿತ್ತು.

"ಮುಂದೆ ಬಲಕ್ಕೆ," ಎಂದ ಹಲ್ಲಣ್ಣ.

ಆಕೆ ಬಲಕ್ಕೆ ತಿರುಗಲಿಲ್ಲ. ಡ್ರೈವರನ ಬೀದಿ ಹಿಂದೆ ಉಳಿಯಿತು. ಎದುರಿನಿಂದ ಬಂದ ಸಿಟಿ ಬಸ್ಸೊಂದು ಆಕೆಯನ್ನು ಗುರುತಿಸಿ ಎರಡು ಸಲ ಹಾರ್ನ್ ಮಾಡಿತು. ಆಕೆ ಒಂದು ಕೈ ಎತ್ತಿದಳು. ಊರಾಚೆಯ ರಸ್ತೆ ಸಿಕ್ಕಿತು.

"ಇಪ್ಪತ್ತು ಕಿಲೋಮೀಟರ್ ಆಯ್ತು," ಎಂದಳು ಬಹಳ ಹೊತ್ತಿನ ಮೇಲೆ. "ಮಂಡಿ ನೋಯ್ಲೇ ಇಲ್ಲ."

ಕನ್ನಡಿಯಲ್ಲಿ ಆಕೆಯ ಕಣ್ಣು ತುಂಬಿರುವುದು ಕಂಡಿತು.

"ಇದಕ್ಕೆ ಕ್ಲಚ್ಚಿಲ್ಲ ಅಂತ ನನಗೋಸ್ಕರ ಹುಡುಕಿ ತಂದ್ರಾ?"

ಇಂಥ ಅವಕಾಶ ಹಲ್ಲಣ್ಣನಿಗೆ ಜನ್ಮದಲ್ಲಿ ಬಂದಿರಲಿಲ್ಲ. ಹೌದು ಎಂದರೆ ಸಾಕು, ಮಧ್ಯಾಹ್ನದಿಂದ ಆದ ಅವಮಾನವೆಲ್ಲ ತೊಳೆದುಹೋಗುತ್ತದೆ, ಸಾಯುವವರೆಗೆ ಮನೆಯಲ್ಲಿ ಮರ್ಯಾದೆ. ಹೌದು ಎಂಬ ಮಾತು ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಆಕೆಯ ಭುಜದ ಮೇಲಿಂದ ಆ ಕಪ್ಪು ಬಿಲ್ಲೆ ಕಾಣಿಸಿತು.

"ಇಲ್ಲ ಕಣೇ," ಎಂದ. "ನಿನ್ನ ಮಂಡಿ ವಿಷಯ ನನಗೆ ಹೊಳೀಲೇ ಇಲ್ಲ. ಅಷ್ಟೊಂದು ಓಡಿದೆಯಲ್ಲ, ಎಡಗಡೆ ಪೆಡಲ್ಲು ಸವೆದು ಬಿದ್ದುಹೋಗಿದೆ ಅಂತ ತಿಳ್ಕೊಂಡೆ. ಹೊಸದು ಹಾಕಿಸಿ ಕೊಡಿ ಅಂತ ಕೇಳಿದೆ."

ಆಕೆ ಕಾರನ್ನು ಮೆಲ್ಲಗೆ ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಎರಡೂ ಕೈ ಊರಿ ನಗತೊಡಗಿದಳು. ತಿಂಗಳ ನಗುವೆಲ್ಲ ಒಟ್ಟಿಗೇ ಬಂದಿತ್ತು. ಕನ್ನಡಿಯಲ್ಲಿ ಆಕೆಯ ಹಲ್ಲಿನ ಸಾಲು ಪೂರಾ ಕಾಣುತ್ತಿತ್ತು. ಇಪ್ಪತ್ತಾರು ವರ್ಷದ ಅನುಭವವಿದ್ದರೂ ಅದರಲ್ಲಿ ತಾನು ಮಾಡಿದ ಹಲ್ಲು ಯಾವುದೆಂದು ಹಲ್ಲಣ್ಣನಿಗೆ ತಕ್ಷಣ ತಿಳಿಯಲಿಲ್ಲ.