ಉಳಿದುಹೋದ ಎರಡು ಎಲುಬು

ಹತ್ತು ಗಂಟೆಗೆ ಸಂಗ್ರಹಾಲಯದ ಬಾಗಿಲು ತೆರೆಯಬೇಕು. ಡೈನೋಸಾರ್ ಎದ್ದು ನಿಂತಿದೆ, ನನ್ನ ಮೇಜಿನ ಮೇಲೆ ಮಾತ್ರ ಗೇಣುದ್ದದ ಎರಡು ಎಲುಬು ಉಳಿದಿವೆ. ಎಲುಬು ಜೋಡಿಸುವುದು ನನ್ನ ಕೆಲಸ. ಹದಿನೇಳು ವರ್ಷದಲ್ಲಿ ಒಂದು ಚೂರೂ ಉಳಿಸಿದವಳಲ್ಲ ನಾನು. ಪೆಟ್ಟಿಗೆಯ ಚೀಟಿಯಲ್ಲಿ ‘ಹೊಟ್ಟೆಯ ಎಲುಬು, ಎರಡು’ ಎಂದಿತ್ತು. ಹೊಟ್ಟೆಯಲ್ಲಿ ಜಾಗವೆಲ್ಲಿದೆ, ನನ್ನ ತಲೆ! ಚೀಟಿ ಬರೆದವನಿಗೆ ಮನಸಾರೆ ಶಾಪ ಹಾಕಿದೆ.

ಆ ಹೊತ್ತಿಗೆ ಸರಿಯಾಗಿ, ನಾನು ಮರೆತು ಬಂದಿದ್ದ ಊಟದ ಡಬ್ಬಿ ಹಿಡಿದು ಅತ್ತೆ ಬಂದರು. ಕೋಳಿ ಅಂಗಡಿ ನಡೆಸಿ ನನ್ನ ಗಂಡನನ್ನು ಓದಿಸಿದವರು. ನಿಜ ಹೇಳಿಬಿಡುತ್ತೇನೆ, ಇಲ್ಲಿ ಯಾರಿಗೂ ನಾನದನ್ನು ಹೇಳಿರಲಿಲ್ಲ. ಕೇಳಿದವರಿಗೆಲ್ಲ ‘ವ್ಯಾಪಾರದಲ್ಲಿದ್ದರು’ ಎಂದು ತೇಲಿಸಿಬಿಡುತ್ತಿದ್ದೆ.

“ಡಬ್ಬಿ ಇಟ್ಟು ಹೊರಡಿ ಅತ್ತೆ, ತಲೆ ಕೆಟ್ಟುಹೋಗಿದೆ.”

“ಅದು ಸರಿಯಿದ್ದಿದ್ದು ಯಾವಾಗ?” ಎನ್ನುತ್ತ ಎರಡೂ ಎಲುಬು ಎತ್ತಿಕೊಂಡರು. ನಾನು ಗಾಬರಿಯಾಗಿ ಕೈ ಚಾಚಿದೆ. ಅವರು ಮುರಿದ ತುದಿಗಳನ್ನು ಒಂದಕ್ಕೊಂದು ತಾಗಿಸಿದರು. ಕೂಡಿಕೊಂಡು ‘ವಿ’ ಅಕ್ಷರದಂಥ ಕವೆಯಾಯಿತು.

“ಇದು ಒಂದೇ ಕಣೇ, ಎರಡಲ್ಲ. ಕೋಳಿ ಕತ್ತಿನ ಬುಡದಲ್ಲಿ, ಎದೆ ಮುಂದೆ ಇರುತ್ತಲ್ಲ, ಅದು. ಇದಕ್ಕೆ ಕತ್ತಿ ಸಿಕ್ಕಿ ಎಷ್ಟು ಸಲ ಬೆರಳು ಕುಯ್ಕೊಂಡಿದೀನಿ! ಇಷ್ಟು ಓದಿದೀಯ, ಗೊತ್ತಾಗ್ಲಿಲ್ವಾ?”

ಡೈನೋಸಾರಿಗೂ ಈ ಎಲುಬು ಇರುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಆದರೂ ಕಣ್ಣು ಮುಚ್ಚಿ ಚೀಟಿ ನಂಬಿದ್ದೆ. ಅಂಟು ಹಚ್ಚಿ, ಏಣಿ ಹತ್ತಿ, ಡೈನೋಸಾರಿನ ಎದೆಯ ಮುಂದೆ ಹಿಡಿದರೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

“ಇದಕ್ಕೂ ಕೋಳಿಗೂ ಏನೇ ಸಂಬಂಧ?” ಅತ್ತೆ ಕೆಳಗೆ ಏಣಿ ಹಿಡಿದಿದ್ದರು.

“ಹಕ್ಕಿಗಳು ಹುಟ್ಟಿದ್ದು ಇವುಗಳ ಕುಲದಲ್ಲೇ ಅತ್ತೆ. ಆಕಾಶದಿಂದ ಬಂಡೆ ಬಿದ್ದಾಗ ದೊಡ್ಡವೆಲ್ಲ ಸತ್ತುಹೋದ್ವು. ನೆಲ ಕೆದಕಿ ಬೀಜ ತಿಂತಿದ್ದ ಒಂದಿಷ್ಟು ಸಣ್ಣ ಹಕ್ಕಿಗಳು ಉಳ್ಕೊಂಡ್ವು.”

“ಅಯ್ಯೋ! ಬಂಡೆ ಬಿದ್ರೂ ಉಳಿದವುಗಳ ಮೊಮ್ಮಕ್ಕಳನ್ನ ನಾನು ಕುಯ್ದೆನಲ್ಲೇ!”

ನಗುವಿನ ಭರಕ್ಕೆ ನಾನು ಏಣಿಯಿಂದ ಬೀಳುವುದೊಂದು ಬಾಕಿ.

ಹತ್ತಕ್ಕೆ ಐದು ನಿಮಿಷವಿರುವಾಗ ನಿರ್ದೇಶಕರು ಬಂದರು. ಚೀಟಿ ನೋಡಿದರು, ಎದೆ ನೋಡಿದರು. “ಭೇಷ್! ಯಾರು ಕಂಡುಹಿಡಿದಿದ್ದು?”

ಅತ್ತೆ ಮೆಲ್ಲಗೆ ಕಂಬದ ಹಿಂದೆ ಸರಿದರು. ನಾನು ಅವರ ವಿಷಯ ಮುಚ್ಚಿಡುತ್ತಿದ್ದುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು! ನಾಚಿಕೆಯಿಂದ ಕುಗ್ಗಿಹೋದೆ. ಹೋಗಿ ಅವರ ಕೈ ಹಿಡಿದು ಎಳೆದು ತಂದೆ.

“ನಮ್ಮತ್ತೆ ಸಾರ್. ಮೂವತ್ತು ವರ್ಷ ಕೋಳಿ ಅಂಗಡಿ ನಡೆಸಿದವರು.”

“ಮೂವತ್ತೆರಡು,” ಎಂದು ಅತ್ತೆ ತಿದ್ದಿದರು.