ಪಟ್ಟಿಯಲ್ಲಿ ಇಲ್ಲದ ತೋಪು

ರಂಜಾನಿನ ಮೊದಲ ದಿನದ ಸಂಜೆ. ಏಡನ್ ಬಂದರಿನ ಸಮುದ್ರಕ್ಕೂ ಆಕಾಶಕ್ಕೂ ನಡುವಿನ ಗೆರೆ ಬಿಸಿಲಿಗೆ ಕರಗಿಹೋಗಿತ್ತು. ದೋಣಿಗಳು ನೀರಿನ ಮೇಲಿವೆಯೋ ಗಾಳಿಯಲ್ಲಿ ತೂಗುತ್ತಿವೆಯೋ ಹೇಳುವಂತಿರಲಿಲ್ಲ. ಕೋಟೆಯ ಟೆಲಿಫೋನ್ ಕೋಣೆಯಲ್ಲಿ ಕುಳಿತಿದ್ದ ಗುಮಾಸ್ತ ಅವದ್‌ಗೆ ಉಪವಾಸದ ಜೊಂಪಿನಲ್ಲಿ ಅದೆಲ್ಲ ಚಂದವಾಗಿಯೇ ಕಾಣುತ್ತಿತ್ತು. ಬಂದರಿನ ಬಾಯಲ್ಲಿ ಗಾಳಿ ಬಿದ್ದು ನಿಂತುಬಿಟ್ಟಿದ್ದ ದೋಣಿಯಲ್ಲಿ ಅವನ ಹೆಂಡತಿಯೂ ಏಳು ವರ್ಷದ ಮಗಳು ಹುಸ್ನಾಳೂ ಇದ್ದರು. ಮುಕಲ್ಲಾದಿಂದ ಬರುತ್ತಿದ್ದರು. ಹುಸ್ನಾ ಇವತ್ತು ತನ್ನ ಮೊದಲ ಉಪವಾಸ ಹಿಡಿಯುತ್ತಾಳೆಂದು ಪತ್ರ ಬಂದಿತ್ತು.

ಇದೇ ಸಂಜೆಯಿಂದ ಕೋಟೆಯಲ್ಲಿ ಹೊಸ ಏರ್ಪಾಡು. ಇಷ್ಟು ದಿನ ಮೂರು ಗುಡ್ಡಗಳ ಮೂವರು ಅಧಿಕಾರಿಗಳು ತಮ್ಮ ತಮ್ಮ ತೋಪಿಗೆ ತಾವೇ ದೊರೆಗಳು. ಒಬ್ಬ ಹೊಡೆದರೆ ಇನ್ನೊಬ್ಬ ಮುಖ ಸಿಂಡರಿಸುತ್ತಿದ್ದ. ಹೋದ ತಿಂಗಳು ಬಂದ ಪೆಲ್ಹ್ಯಾಮ್ ಸಾಹೇಬ ಎಲ್ಲರನ್ನೂ ತನ್ನೊಬ್ಬನ ಮಾತಿನ ಕೆಳಗೆ ತಂದ.

"ಅವದ್, ಈ ಊರಲ್ಲಿರೋ ತೋಪೆಲ್ಲಾ ಬರ್ಕೊಂಡು ಬಾ. ಒಂದನ್ನೂ ಬಿಡಬೇಡ," ಎಂದಿದ್ದ.

ಅವದ್ ಹನ್ನೊಂದು ತೋಪು ಬರೆದುಕೊಟ್ಟ. ಅದರ ಕೆಳಗೆ ನಿಯಮ: ಸಾಹೇಬನ ಅಪ್ಪಣೆಯಿಲ್ಲದೆ ಯಾವ ತೋಪೂ ಸಿಡಿಯಕೂಡದು. ಹಾಗಾಗಿ ಅಪ್ಪಣೆಯಿಲ್ಲದೆ ಒಂದು ಸಿಡಿದರೆ ಶತ್ರು ಬಂದನೆಂದೇ ಅರ್ಥ. ಬಂದರಿನ ಬಾಯಲ್ಲಿ ಕಂಡದ್ದಕ್ಕೆಲ್ಲ ಮೂರೂ ಗುಡ್ಡದಿಂದ ಗುಂಡು. ಗುಡ್ಡಗಳಲ್ಲಿ ಈಗಿದ್ದವರು ನಿನ್ನೆಯಷ್ಟೇ ಹಡಗಿನಿಂದ ಇಳಿದ ಹೊಸಬರು. ಊರಿನ ಬಗ್ಗೆ ಅವರಿಗೆ ಗೊತ್ತಿದ್ದುದು ಆ ನಿಯಮವೊಂದೇ.

ಅಡುಗೆಯ ದಾವೂದ್ ಬಾಗಿಲಲ್ಲಿ ತಲೆ ಹಾಕಿದ. "ಖರ್ಜೂರ ಕೈಲಿ ಹಿಡ್ಕೊಳೋ ಮಾರಾಯ. ಇನ್ನೇನು ನಿಮ್ಮ ಮಾವ ತೋಪು ಹೊಡೀತಾನೆ."

ಅವದ್ ಥಟ್ಟನೆ ನೆಟ್ಟಗಾದ. ಮಸೀದಿಯ ಹಿಂದಿನ ದಿಬ್ಬದಲ್ಲಿ ಉಪವಾಸ ಬಿಡುವ ಹೊತ್ತು ಸಾರುವ ಇಫ್ತಾರಿನ ತೋಪು! ಮಾವ ಫರಜ್ ಮೂವತ್ತು ವರ್ಷದಿಂದ ರಂಜಾನಿನ ಪ್ರತಿ ಸಂಜೆ ಹೊಡೆಯುತ್ತಿದ್ದ ತೋಪು. ಅದನ್ನು ತೋಪೆಂದು ಊರಲ್ಲಿ ಯಾರೂ ಎಣಿಸಿದವರಲ್ಲ; ಅದು ಹೊತ್ತು ಮುಳುಗುವ ಸದ್ದು, ಅಷ್ಟೇ. ಪಟ್ಟಿ ಬರೆಯುವಾಗ ಅವದ್ ಕೂಡ ಎಣಿಸಿರಲಿಲ್ಲ.

ಟೆಲಿಫೋನ್ ಎತ್ತಿದ. ಗುಡ್ಡದವರು ಸಾಹೇಬನ ದನಿಗಲ್ಲದೆ ಯಾರಿಗೂ ಜಗ್ಗುವವರಲ್ಲ, ಆ ನಿಯಮವನ್ನೂ ಇವನೇ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದ. ಸಾಹೇಬ ದೂರದ ಗುಡ್ಡದ ದಾರಿಯಲ್ಲೆಲ್ಲೋ ಇದ್ದ. ಟೆಲಿಫೋನ್ ಬಿಟ್ಟು ಎದ್ದವನಿಗೆ ಜೈಲು. ಅವದ್ ಎದ್ದ, ಕಾಲಿಗೆ ಬುದ್ಧಿ ಹೇಳಿದ.

ಬೀದಿ ಕನಸಿನಂತೆ ಹಿಂದೆ ಸರಿಯಿತು. ಕರಿದ ಸಂಬೂಸದ ವಾಸನೆ, ಲೋಟಗಳ ಮುಂದೆ ಸುಮ್ಮನೆ ಕುಳಿತ ಜನ. ಎಲ್ಲರ ಕಿವಿಯೂ ದಿಬ್ಬದ ಕಡೆಗೆ. ಅವನಿಗೆ ತನ್ನ ಕಾಲುಗಳೇ ನೆಲಕ್ಕೆ ತಾಗುತ್ತಿಲ್ಲ ಅನ್ನಿಸಿತು. ಮೆಟ್ಟಿಲು ಹತ್ತಿ ಬಂದಾಗ ಫರಜ್ ಬೆಂಕಿಯ ಕಡ್ಡಿ ಹಿಡಿದು ಮಿನಾರಿನ ಬಾವುಟ ಏಳುವುದನ್ನೇ ಕಾಯುತ್ತಿದ್ದ. ಬಾವುಟ ಎದ್ದಿತು. ಅವದ್ ತೋಪಿಗೆ ಬೆಂಕಿ ತಾಗಿಸುವ ಕಿಂಡಿಯ ಮೇಲೆ ಅಂಗೈ ಒತ್ತಿದ.

"ಕೈ ತೆಗಿಯೋ ಹುಚ್ಚ! ಊರೆಲ್ಲ ಹಸ್ಕೊಂಡು ಕೂತಿದೆ!"

"ಹೊಡೀಬೇಡ ಮಾವ! ಇದರ ಸದ್ದು ಕೇಳಿದ್ರೆ ಗುಡ್ಡದೋರು ದೋಣಿಗೆ ಹೊಡೀತಾರೆ. ಹುಸ್ನಾ ಅದರಲ್ಲಿದಾಳೆ!"

ತೋಪಿನ ಪಕ್ಕದಲ್ಲೇ ಮುದುಕನಾದವನಿಗೆ ಕಿವಿ ಮಂದ. "ಯಾರು?"

"ಹುಸ್ನಾ! ನಿನ್ನ ಮೊಮ್ಮಗಳು!"

ಫರಜ್ ಕಡ್ಡಿಯನ್ನು ಮರಳಿಗೆ ಚುಚ್ಚಿ ಆರಿಸಿದ. ಮೂವತ್ತು ವರ್ಷದಲ್ಲಿ ಮೊದಲ ಸಲ ಹೊತ್ತು ಸದ್ದಿಲ್ಲದೆ ಮುಳುಗಿತು. ಬಾಂಗು ಕೇಳಿದ ಮೇಲೂ ಊರು ಸ್ವಲ್ಪ ಹೊತ್ತು ನಂಬದೆ ಕುಳಿತು, ಆಮೇಲೆ ಒಬ್ಬೊಬ್ಬರಾಗಿ ಲೋಟ ಎತ್ತಿತು.

ಗಾಳಿ ಎದ್ದು ದೋಣಿ ದಡ ಸೇರಿದಾಗ ಮಾವ, ಅಳಿಯ ಇಬ್ಬರೂ ನೀರಿನ ಲೋಟ ಹಿಡಿದು ನಿಂತಿದ್ದರು. ನಾಳೆ ಜೈಲಾದರೆ ಆಗಲಿ, ಅವದ್‌ಗೆ ಕಣ್ಣು ತುಂಬಿ ಬಂದಿತ್ತು. ಹುಸ್ನಾಳ ತುಟಿ ಒಣಗಿ ಸಿಪ್ಪೆ ಎದ್ದಿತ್ತು.

"ಕುಡಿಯೇ ಕಂದ," ಎಂದು ಅವದ್ ಲೋಟ ಚಾಚಿದ.

"ಊಹೂಂ. ಅಜ್ಜನ ತೋಪು ಇನ್ನೂ ಹೊಡೀಲಿಲ್ಲ."

"ದಾರಿಯುದ್ದ ಇದೇ ಹಟ," ಎಂದಳು ತಾಯಿ, ಸೋತ ದನಿಯಲ್ಲಿ.

ಫರಜ್ ಮಗುವಿನ ಮುಂದೆ ಮಂಡಿಯೂರಿದ. ಒಮ್ಮೆ ಮೂರೂ ಗುಡ್ಡಗಳ ಕಡೆ ನೋಡಿದ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, ಅವಳ ಕಿವಿಯಲ್ಲಿ ಮೆಲ್ಲನೆ, "ಧಡಂ," ಎಂದ.

ಹುಸ್ನಾ ಎರಡೂ ಕೈಯಿಂದ ಲೋಟ ಹಿಡಿದು ಗಟಗಟನೆ ಕುಡಿದಳು.